ಮೂರನೆಯ ಕಾಲಂ

ಜ್ಞಾನೇಶನ ಮರ್ಯಾದೆ ಹೋಗಿದ್ದು ಕಲ್ಲಮ್ಮನ ಮಿಕ್ಸಿಯಿಂದ. ಅದೂ ಬೆಳಿಗ್ಗೆ ಏಳು ಗಂಟೆಗೆ, ಇಂಟರ್‌ವ್ಯೂಗೆ ಹೊರಡಬೇಕಾದ ದಿನವೇ, ಭದ್ರಾವತಿ ನ್ಯೂಟೌನಿನ ಅರ್ಧ ಬೀದಿಯ ಕಣ್ಣೆದುರಿಗೆ.

ಇಪ್ಪತ್ತು ವರ್ಷ ಸೈನ್ಯದಲ್ಲಿ ರೇಡಾರ್ ಟೆಕ್ನಿಷಿಯನ್ ಆಗಿದ್ದು, ಹವಾಲ್ದಾರನಾಗಿ ನಿವೃತ್ತನಾಗಿ ಬಂದವನು ಅವನು. ಮೋಡದ ಆಚೆ ಹಾರುವ ವಿಮಾನವನ್ನು ಪತ್ತೆ ಹಚ್ಚುವ ಯಂತ್ರ ಅದು ಎಂಬುದಷ್ಟೇ ಬೀದಿಯವರಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಕೇಳಿದರೆ ಜ್ಞಾನೇಶ "ಅದು ಹೇಳೋ ಹಾಗಿಲ್ಲ" ಅನ್ನುತ್ತಿದ್ದ. ಯಂತ್ರ ಎಷ್ಟು ದೊಡ್ಡದು ಎಂದರೂ ಹೇಳೋ ಹಾಗಿಲ್ಲ, ಅಲ್ಲಿ ಊಟಕ್ಕೆ ಏನು ಕೊಡುತ್ತಿದ್ದರು ಎಂದರೂ ಹೇಳೋ ಹಾಗಿಲ್ಲ. ಹೇಳದೇ ಹೇಳದೇ ಅವನ ಮೇಲೆ ಬೀದಿಗೆ ದೊಡ್ಡ ಗೌರವ ಹುಟ್ಟಿತ್ತು. ಆ ಗೌರವದಿಂದಲೇ ಪಕ್ಕದ ಮನೆಯ ಕಲ್ಲಮ್ಮ ಅರ್ಧ ರುಬ್ಬಿದ ಚಟ್ನಿ ಸಮೇತ ಮಿಕ್ಸಿ ಎತ್ತಿಕೊಂಡು ಬಂದಳು.

"ನೋಡಪ್ಪಾ ಸ್ವಲ್ಪ. ಗರ್ ಅಂತಿತ್ತು, ಸುಮ್ನಾಗ್ಬಿಡ್ತು. ವಿಮಾನ ಹಿಡಿಯೋನಿಗೆ ಇದೇನು ದೊಡ್ಡ ಕೆಲಸ."

ಸೈನ್ಯದಲ್ಲಿ ಕೆಟ್ಟ ಯಂತ್ರವನ್ನು ಮೊದಲು ಮುಟ್ಟುವ ಹಾಗಿಲ್ಲ. ನೋಡಬೇಕು, ಕೇಳಬೇಕು, ಬರೆಯಬೇಕು. ಜ್ಞಾನೇಶ ನೋಟ್‌ಬುಕ್ ತೆಗೆದು ಮೂರು ಕಾಲಂ ಎಳೆದ: ದೋಷ, ಕಾರಣ, ಶಿಫಾರಸು. ಎಷ್ಟು ಗಂಟೆಗೆ ನಿಂತಿತು, ಆಗ ಜಾರಿನಲ್ಲಿ ಕಾಯಿ ಎಷ್ಟಿತ್ತು, ಹುರಿಗಡಲೆ ಎಷ್ಟಿತ್ತು ಎಂದು ಕೇಳಿ ಬರೆದುಕೊಂಡ. ಪ್ಲಗ್ಗು, ವೈರು, ಸ್ವಿಚ್ಚು ಒಂದೊಂದಾಗಿ ಪರೀಕ್ಷಿಸಿದ. ಬೀದಿಯವರು ಕಾಫಿ ಲೋಟ ಹಿಡಿದುಕೊಂಡೇ ಬಂದು ಸುತ್ತ ನಿಂತರು. ಮುಕ್ಕಾಲು ಗಂಟೆಯ ನಂತರ ಅವನು ಗಂಭೀರವಾಗಿ ಓದಿ ಹೇಳಿದ. ದೋಷ: ತಿರುಗುತ್ತಿಲ್ಲ. ಕಾರಣ: ತಿಳಿದುಬಂದಿಲ್ಲ. ಶಿಫಾರಸು: ಮೇಲಿನ ಹಂತದ ವರ್ಕ್‌ಶಾಪಿಗೆ ಕಳಿಸುವುದು, ಅಲ್ಲಿಯವರೆಗೆ ರುಬ್ಬುವ ಕಲ್ಲು ಬಳಸುವುದು.

ಎದುರು ಮನೆಯ ಆಟೋ ಡ್ರೈವರ್ ಪೀರ್ ಬಾಷಾ ಹಲ್ಲುಜ್ಜುತ್ತ ನಿಂತಿದ್ದವನು ಬ್ರಶ್ಶನ್ನು ಬಾಯಲ್ಲೇ ಕಚ್ಚಿಕೊಂಡು ಬಂದ. ಜಾರ್ ತೆಗೆದಿಟ್ಟ, ಮಿಕ್ಸಿಯನ್ನು ತಲೆಕೆಳಗು ಮಾಡಿದ, ತಳದಲ್ಲಿದ್ದ ಕೆಂಪು ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದ. ಮತ್ತೆ ಜಾರ್ ಕೂರಿಸಿ ಸ್ವಿಚ್ ಹಾಕಿದ. ಮಿಕ್ಸಿ ಗರ್ ಎಂದಿತು. ಮುಚ್ಚಳ ಹಾಕುವುದನ್ನು ಮಾತ್ರ ಮರೆತಿದ್ದ. ಚಟ್ನಿಯೆಲ್ಲ ಜ್ಞಾನೇಶನ ಇಸ್ತ್ರಿ ಮಾಡಿದ ಬಿಳಿ ಶರಟಿನ ಮೇಲೆ ಬಂದು ಕೂತಿತು.

"ಲೋಡ್ ಜಾಸ್ತಿ ಆದ್ರೆ ಟ್ರಿಪ್ ಆಗುತ್ತೆ ಫೌಜಿ ಸಾಬ್," ಅಂದ ಪೀರ್ ಬಾಷಾ ಸಂಕೋಚದಿಂದ. "ಇದು ನಮ್ಮನೆಯಾಕೆ ಸರ್ವರ್ ಬೀಗೂ ಗೊತ್ತು."

ಗುಂಪಿನಲ್ಲಿ ಜ್ಞಾನೇಶನ ಮಾವ ಉಜ್ಜನಪ್ಪನವರೂ ಇದ್ದರು. ಅವರ ಮನೆ ಹಿಂದಿನ ಬೀದಿಯಲ್ಲೇ. ಅಳಿಯನನ್ನು ಪಕ್ಕಕ್ಕೆ ಕರೆದರು.

"ನೋಡಿ ಅಳಿಯಂದ್ರೆ, ಶಿವಮೊಗ್ಗದ ಬ್ಯಾಂಕಲ್ಲಿ ಗನ್‌ಮ್ಯಾನ್ ಕೆಲಸ ನಿಮಗೋಸ್ಕರ ಹಿಡಿದಿಟ್ಟಿದೀನಿ. ದಿನವಿಡೀ ಏಸಿಯಲ್ಲಿರೋದು. ಇವತ್ತು ಎರಡು ಗಂಟೆ ಒಳಗೆ ಹೂಂ ಅನ್ನಬೇಕು ಅಂತ ಮ್ಯಾನೇಜರ್ ಹೇಳಿದಾರೆ. ಈ ಇಂಟರ್‌ವ್ಯೂ ಗಿಂಟರ್‌ವ್ಯೂ ಎಲ್ಲ ಯಾಕೆ?"

"ಬಾಗಿಲು ಕಾಯೋಕೆ ನಾನು ಇಪ್ಪತ್ತು ವರ್ಷ ಕಲೀಲಿಲ್ಲ ಮಾವ," ಅಂದ ಜ್ಞಾನೇಶ.

ಅವನಿಗೆ ನಿಜವಾಗಿ ನೋವಾಗುತ್ತಿದ್ದದ್ದು ಇಲ್ಲೇ. ಮಿಲಿಟರಿಯಿಂದ ಬಂದವನು ಎಂದ ಕೂಡಲೇ ಜನರ ಕಣ್ಣಿಗೆ ಅವನ ಹಿಂದೊಂದು ಬಾಗಿಲು, ಕೈಯಲ್ಲೊಂದು ಕೋಲು ಕಾಣುತ್ತಿತ್ತು. ಊರಿಗೆ ಮರಳಿದ ಆರು ತಿಂಗಳಲ್ಲಿ ಬಂದ ಕೆಲಸಗಳೆಲ್ಲ ಅವೇ: ಕಲ್ಯಾಣ ಮಂಟಪದ ಬಾಗಿಲು, ಪೆಟ್ರೋಲ್ ಬಂಕಿನ ಬಾಗಿಲು. ಇವತ್ತಿನ ಇಂಟರ್‌ವ್ಯೂ ಒಂದೇ ಮೆಂಟೆನೆನ್ಸ್ ಸೂಪರ್‌ವೈಸರ್ ಹುದ್ದೆಗೆ. ಇದೂ ಹೋದರೆ ಮಾವನ ಬಾಗಿಲೇ ಗತಿ ಎಂದು ಅವನಿಗೆ ಗೊತ್ತಿತ್ತು.

ಇಸ್ತ್ರಿ ಮಾಡಿದ ಬೇರೆ ಶರಟು ಇರಲಿಲ್ಲ. ಹೆಂಡತಿ ಸುಮನಾ ಒದ್ದೆ ಬಟ್ಟೆಯಲ್ಲಿ ಒರೆಸಿ, ಉಳಿದ ಹಸಿರು ಕಲೆ ಕಾಣದಂತೆ ಫೈಲನ್ನು ಎದೆಗೆ ಒತ್ತಿ ಹಿಡಿದುಕೊಳ್ಳಲು ಹೇಳಿದಳು. ತಪ್ಪು ಮಾಡಿದ ಪೀರ್ ಬಾಷಾ ಪ್ರಾಯಶ್ಚಿತ್ತಕ್ಕೆಂದು ತನ್ನ ಆಟೋದಲ್ಲೇ ಇಂಟರ್‌ವ್ಯೂ ಇದ್ದ ಮಾಚೇನಹಳ್ಳಿಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ, ಅಲ್ಲಿ ಯಾವ ಮೆಶಿನ್ ತೋರಿಸಿದರೂ ಮೊದಲು ತಳ ನೋಡಿ ಎಂದು ಬುದ್ಧಿ ಹೇಳಿದ.

ಪಂಪಿನ ಬಿಡಿಭಾಗ ತಯಾರಿಸುವ ಕಾರ್ಖಾನೆ. ಮಾಲೀಕ ವೀರೇಂದ್ರ ಅರವತ್ತರ ಹತ್ತಿರದ, ಹಣೆಯ ತುಂಬ ವಿಭೂತಿ ಧರಿಸಿದ ದಢೂತಿ ಮನುಷ್ಯ.

"ರೇಡಾರಲ್ಲಿ ನಿಮ್ಮ ಕೆಲಸ ಏನಿತ್ತು?"

"ಅದು ಹೇಳೋ ಹಾಗಿಲ್ಲ ಸಾರ್."

"ಕೈಕೆಳಗೆ ಎಷ್ಟು ಜನ ಇದ್ರು?"

"ಅದೂ ಹೇಳೋ ಹಾಗಿಲ್ಲ."

"ನಿಮ್ಮ ಹೆಸರಾದ್ರೂ ಹೇಳಬಹುದೇನ್ರಿ?" ಅಂದರು ವೀರೇಂದ್ರ.

ಅಷ್ಟರಲ್ಲಿ ಆಫೀಸು ನೋಡಿಕೊಳ್ಳುವ ದಾಕ್ಷಾಯಣಿ ಎರಡು ಲೋಟ ಮಜ್ಜಿಗೆ ತಂದಿಟ್ಟರು. ಇಂಗು, ಕರಿಬೇವಿನ ಒಗ್ಗರಣೆ ಹಾಕಿದ್ದ ಮಜ್ಜಿಗೆ ಹಿತವಾಗಿ ತಣ್ಣಗಿತ್ತು. ಜ್ಞಾನೇಶ ಒಂದು ಗುಟುಕು ಕುಡಿಯುವಷ್ಟರಲ್ಲಿ ಹೊರಗೆ ಶೆಡ್ಡಿನಿಂದ ಬರುತ್ತಿದ್ದ ಸದ್ದು ನಿಂತುಹೋಗಿರುವುದು ಗಮನಕ್ಕೆ ಬಂತು.

ವೀರೇಂದ್ರ ಲೋಟ ಇಟ್ಟು ತಲೆಯ ಮೇಲೆ ಕೈ ಹೊತ್ತರು. "ನಿಂತ್ಲು ಮಹಾತಾಯಿ. ನಾಲ್ಕು ತಿಂಗಳಿಂದ ಇದೇ ಗೋಳು. ಬೆಂಗಳೂರಿಂದ ಇಂಜಿನಿಯರುಗಳು ಮೂರು ಸಲ ಬಂದ್ರು, ಸಿಕ್ಕ ಸಿಕ್ಕ ಪಾರ್ಟ್ ಬದಲಾಯಿಸಿದ್ರು. ಬನ್ನಿ, ಬಾಯಲ್ಲಿ ಹೇಳೋಕಾಗಲ್ಲ ಅಂದ್ರೆ ಕೈಯಲ್ಲಿ ತೋರಿಸಿ. ಇದನ್ನ ಸರಿ ಮಾಡಿದ್ರೆ ಕೆಲಸ ನಿಮ್ದೇ."

ಅದು ಕಬ್ಬಿಣ ಕಡೆಯುವ ದೊಡ್ಡ ಕಂಪ್ಯೂಟರ್ ಯಂತ್ರ. ಪಕ್ಕದಲ್ಲಿ ಬೀರುವಿನಷ್ಟು ಎತ್ತರದ ಕಂಟ್ರೋಲ್ ಪ್ಯಾನಲ್. ಒಳಗಿನ ಎಲೆಕ್ಟ್ರಾನಿಕ್ ಕಾರ್ಡುಗಳು ಬಿಸಿಯಾಗದಿರಲೆಂದು ಅದಕ್ಕೊಂದು ಪುಟ್ಟ ಏಸಿ. ಇಡೀ ಶೆಡ್ಡಿನಲ್ಲಿ ಏಸಿ ಇದ್ದದ್ದು ಅದೊಂದಕ್ಕೇ. ಯಂತ್ರ ನಡೆಸುವ ವಿಷ್ಣುಪ್ರಸಾದ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಗೇಟಿನ ಹೊರಗಿರಬೇಕಾದ ಪೀರ್ ಬಾಷಾ ಅದು ಹೇಗೋ ಒಳಗೆ ಬಂದು ಬಾಗಿಲ ಬಳಿ ನಿಂತು, ಬಗ್ಗಿ ತಳ ನೋಡುವಂತೆ ಸನ್ನೆ ಮಾಡುತ್ತಿದ್ದ.

ಜ್ಞಾನೇಶ ತಳ ನೋಡಲಿಲ್ಲ. ನೋಟ್‌ಬುಕ್ ತೆಗೆದು ಮೂರು ಕಾಲಂ ಎಳೆದ. ಯಂತ್ರ ಯಾವ್ಯಾವ ದಿನ ಎಷ್ಟೆಷ್ಟು ಹೊತ್ತಿಗೆ ನಿಂತಿತ್ತು ಎಂಬ ಪಟ್ಟಿಯನ್ನು ಪರದೆಯ ಮೇಲೆ ತರಿಸಿ ಬರೆದುಕೊಳ್ಳುತ್ತ ಹೋದ. ಪ್ರತಿದಿನ ಬೆಳಿಗ್ಗೆ ಹನ್ನೊಂದಕ್ಕೆ. ಸೋಮವಾರ ಮಾತ್ರ ಒಮ್ಮೆಯೂ ಇಲ್ಲ.

"ಸೋಮವಾರ ಇಲ್ಲಿ ಏನು ವಿಶೇಷ ಸಾರ್?"

"ಏನೂ ಇಲ್ಲಪ್ಪ. ಸೋಮವಾರ ನನ್ನ ಉಪವಾಸ. ಸಂಜೆ ತನಕ ಬಾಯಿಗೆ ಏನೂ ಹಾಕಲ್ಲ."

ಜ್ಞಾನೇಶ ಪ್ಯಾನಲ್ಲಿನ ಬಾಗಿಲು ತೆರೆದು ಮೂಗು ಒಡ್ಡಿದ. ಇಂಗಿನ ವಾಸನೆ. ಕೆಳಗಿನ ಅಂಚಿನಲ್ಲಿ ಒಂದು ಕರಿಬೇವಿನ ಎಲೆ ಅಂಟಿಕೊಂಡಿತ್ತು.

ದಾಕ್ಷಾಯಣಿ ಕುತ್ತಿಗೆಯ ಸರ ಹಿಡಿದುಕೊಂಡು ನಿಧಾನಕ್ಕೆ ಬಾಯಿಬಿಟ್ಟರು. "ಬೇಸಿಗೆಯಿಂದ ಮಜ್ಜಿಗೆ ಅಲ್ಲೇ ಇಡ್ತಿದೀನಿ ಸಾರ್. ಬೆಳಿಗ್ಗೆ ಮೆಶಿನ್ ಹಾಕೋ ಮುಂಚೆ ಇಟ್ಟು, ಹನ್ನೊಂದಕ್ಕೆ ತೆಗೀತೀನಿ. ಫ್ರಿಜ್‌ದು ನಿಮಗೆ ಗಂಟಲು ಹಿಡಿಯುತ್ತೆ, ಮಡಕೆದು ತಣ್ಣಗಿರಲ್ಲ ಅಂತೀರ. ಇದರೊಳಗಿಂದು ಹದವಾಗಿದೆ ಅಂತ ನೀವೇ ಹೇಳಿದ್ದು."

ಬಾಗಿಲು ತೆರೆದರೆ ಒಳಗೆ ಕೈ ಹಾಕಿದವರಿಗೆ ಶಾಕ್ ಹೊಡೆಯಬಾರದೆಂದು ಯಂತ್ರ ತಾನೇ ನಿಲ್ಲುತ್ತದೆ ಎಂದು ಜ್ಞಾನೇಶ ವಿವರಿಸಿದ. ಯಂತ್ರ ಚಾಲೂ ಮಾಡಿಸಿ ಬಾಗಿಲು ತೆರೆದ. ನಿಂತಿತು. ಮುಚ್ಚಿ ಮತ್ತೆ ಚಾಲೂ ಮಾಡಿಸಿದ. ಓಡಿತು.

"ನನಗೆ ಮೊದಲೇ ಅನುಮಾನ ಇತ್ತು," ಅಂದ ವಿಷ್ಣುಪ್ರಸಾದ. "ಆದ್ರೆ ಓನರ್ ಮಜ್ಜಿಗೆ ವಿಷಯ, ಯಾರು ಹೇಳ್ತಾರೆ ಮಾರಾಯ?"

ವೀರೇಂದ್ರ ಬಿದ್ದು ಬಿದ್ದು ನಕ್ಕು ಜ್ಞಾನೇಶನನ್ನು ತಬ್ಬಿಕೊಂಡರು. ಚಟ್ನಿಯ ಕಲೆಯನ್ನೂ ಲೆಕ್ಕಿಸಲಿಲ್ಲ. ಜ್ಞಾನೇಶನ ಎದೆ ತುಂಬಿ ಬಂತು. ಇಪ್ಪತ್ತು ವರ್ಷದ ವಿದ್ಯೆ ಊರಿನಲ್ಲಿ ಮೊದಲ ಸಲ ಉಪಯೋಗಕ್ಕೆ ಬಂದಿತ್ತು. ಬಾಗಿಲ ಬಳಿ ಪೀರ್ ಬಾಷಾ ಆಗಲೇ ಫೋನಿನಲ್ಲಿ ಇಡೀ ನ್ಯೂಟೌನಿಗೆ ಸುದ್ದಿ ಹಂಚುತ್ತಿದ್ದ. "ಕೆಲಸ ಪಕ್ಕಾ ಉಜ್ಜನಪ್ಪನವರೇ. ಓನರ್ ಗಲೇ ಮಿಲಾಯಿಸಿಬಿಟ್ರು."

ಎರಡು ನಿಮಿಷದಲ್ಲಿ ಮಾವನ ಫೋನು ಬಂತು. "ಸಂತೋಷ ಅಳಿಯಂದ್ರೆ. ಬ್ಯಾಂಕಿನ ಕೆಲಸ ಸುಮ್ನೆ ಹಾಳಾಗೋದು ಬೇಡ ಅಂತ ನಿಮ್ಮ ಹಾಗೇ ಮಿಲಿಟರಿಯಲ್ಲಿದ್ದ ಪುಟ್ಟಣ್ಣಂಗೆ ಹೇಳ್ಬಿಟ್ಟೆ. ಅದೇ, ಅಡುಗೆ ಮಾಡ್ತಿದ್ದನಲ್ಲ, ಅವನು. ಆಗಲೇ ಬಸ್ ಹತ್ತಿದಾನೆ."

"ಒಳ್ಳೇದೇ ಆಯ್ತು ಬಿಡಿ ಮಾವ," ಅಂದ ಜ್ಞಾನೇಶ ಉದಾರವಾಗಿ.

ಅಲ್ಲಿಗೆ ಸುಮ್ಮನಿದ್ದರೆ ಸಾಕಿತ್ತು. ಆದರೆ ಮೂರನೆಯ ಕಾಲಂ ಖಾಲಿ ಇತ್ತು, ಖಾಲಿ ಕಾಲಂ ಬಿಟ್ಟು ಏಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಕೂತು ನೀಟಾಗಿ ಬರೆದು, ಸಹಿ ಹಾಕಿ ಮಾಲೀಕರ ಮುಂದಿಟ್ಟ. ವೀರೇಂದ್ರ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"ಶಿಫಾರಸು: ಪ್ಯಾನಲ್ಲಿನ ಮುಂದೆ ಸದಾ ಒಬ್ಬ ಕಾವಲುಗಾರನಿರತಕ್ಕದ್ದು. ಅವನು ಶಿಸ್ತಿನ ಮನುಷ್ಯನಾಗಿರಬೇಕು. ಯಾರ ಮುಲಾಜಿಗೂ, ಮುಖ್ಯವಾಗಿ ಮಾಲೀಕರ ಮುಲಾಜಿಗೆ, ಬಗ್ಗಬಾರದು."

ಓದಿ ಮುಗಿಸಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. "ನೂರಕ್ಕೆ ನೂರು ಸತ್ಯ," ಅಂದರು. "ನನ್ನ ನಾಲಿಗೆ ನನಗೆ ಗೊತ್ತು. ಹನ್ನೊಂದಾದ್ರೆ ನಾನೇ ಹೋಗಿ ಬಾಗಿಲು ತೆಗೀತೀನಿ. ಇಲ್ಲಿ ಇರೋರೆಲ್ಲ ನನಗೆ ಹೆದರೋರೆ. ನನ್ನನ್ನ ತಡೆಯೋಕೆ ಮಿಲಿಟರಿಯವರೇ ಬೇಕು." ಅವರು ಕನ್ನಡಕದ ಮೇಲಿಂದ ಜ್ಞಾನೇಶನನ್ನು ನೋಡತೊಡಗಿದರು. ಆ ನೋಟದ ಪರಿಚಯ ಜ್ಞಾನೇಶನಿಗೆ ಚೆನ್ನಾಗಿಯೇ ಇತ್ತು.

"ಸಾರ್, ಸೂಪರ್‌ವೈಸರ್ ಕೆಲಸ..."

"ಅದು ಮೆಶಿನ್ ಕೆಡ್ತಿತ್ತಲ್ಲ, ಅದಕ್ಕೆ ಕರೆದಿದ್ದು. ಕೆಡೋದನ್ನ ನೀವೇ ನಿಲ್ಲಿಸಿಬಿಟ್ರಲ್ಲಪ್ಪ. ಇನ್ನು ಸೂಪರ್‌ವೈಸರ್ ಇಟ್ಕೊಂಡು ಏನು ಮಾಡಲಿ? ಕೆಲಸ ನಿಮ್ದೇ ಅಂದಿದೀನಿ, ಮಾತಿಗೆ ತಪ್ಪಲ್ಲ." ಅವರು ತಿರುಗಿ ಕೂಗಿದರು, "ದಾಕ್ಷಾಯಣಮ್ಮ, ಒಂದು ಸ್ಟೂಲು ತರಿಸಿ. ವಿಷಲ್ ಇದ್ರೆ ಅದೂ ಕೊಡಿ."

ಸಂಜೆ ಆರಕ್ಕೆ ಪೀರ್ ಬಾಷಾನ ಆಟೋ ನ್ಯೂಟೌನಿಗೆ ಬಂದಾಗ ಬೀದಿಯವರೆಲ್ಲ ಕಾದಿದ್ದರು. ಕಲ್ಲಮ್ಮ ಅದೇ ಮಿಕ್ಸಿಯಲ್ಲಿ ಸಕ್ಕರೆ ಪುಡಿ ಮಾಡಿ ರವೆ ಉಂಡೆ ಕಟ್ಟಿಕೊಂಡು ಬಂದಿದ್ದಳು. ಒಂದನ್ನು ಅವನ ಕೈಗಿಟ್ಟು ಕೇಳಿದಳು, "ಏನು ಕೆಲಸಾನಪ್ಪ ಕೊಟ್ಟಿದ್ದು?"

ಜ್ಞಾನೇಶ ಪೀರ್ ಬಾಷಾನ ಮುಖ ನೋಡಿದ. ಪೀರ್ ಬಾಷಾ ಆಟೋದ ಕನ್ನಡಿ ಒರೆಸತೊಡಗಿದ.

"ಅದು ಹೇಳೋ ಹಾಗಿಲ್ಲ," ಅಂದ ಜ್ಞಾನೇಶ.

"ಹಾಗಾದ್ರೆ ದೊಡ್ಡ ಕೆಲಸಾನೇ," ಎಂದು ಕಲ್ಲಮ್ಮ ತೃಪ್ತಿಯಿಂದ ಉಳಿದ ಉಂಡೆಗಳನ್ನು ಹಂಚಲು ಹೋದಳು.

ಒಳಗೆ ಸುಮನಾ ಚಟ್ನಿಯ ಶರಟನ್ನು ನೆನೆಹಾಕಲು ತೆಗೆದುಕೊಂಡಳು. ಜೇಬಿಗೆ ಕೈ ಹಾಕಿದಾಗ ವಿಷಲ್ ಸಿಕ್ಕಿತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ರೀ, ಇದೂ ಹೇಳೋ ಹಾಗಿಲ್ವಾ?"

ಜ್ಞಾನೇಶ ಉಂಡೆ ಅಗಿಯುವುದನ್ನು ನಿಲ್ಲಿಸಿದ.

"ಬ್ಯಾಂಕಲ್ಲಾದ್ರೆ ಏಸಿ ಇತ್ತು," ಅಂದಳು ಸುಮನಾ ಮೆಲ್ಲಗೆ.

"ಇಲ್ಲೂ ಇದೆ ಕಣೇ."

"ಎಲ್ಲಿ?"

"ನನ್ನ ಬೆನ್ನ ಹಿಂದೆ, ಬಾಗಿಲೊಳಗೆ," ಅಂದ ಜ್ಞಾನೇಶ. "ಅದನ್ನ ಯಾರೂ ತೆಗೀಬಾರದು ಅಂತಲೇ ನನ್ನನ್ನ ಕೂರಿಸಿರೋದು."