ಅಪ್ಪ ನಗಬೇಕಂತ ಇಷ್ಟೆಲ್ಲಾ

ಕಾಮಿಡಿ ಸಿನಿಮಾ ಮಾಡಿ ಎರಡೂವರಿ ತಾಸು ಜನರನ್ನ ನಗಸೂದು ನನ್ನ ಕಸುಬು. ಉಳಿದ ಹೊತ್ತೆಲ್ಲಾ ಜನ ನನ್ನ ನೋಡಿ ನಗತಾರ, ಅದಕ್ಕ ಟಿಕೇಟ್ ಸುದ್ದಾ ಇಲ್ಲ. ನಗದಾಂವ ಅಂದ್ರ ಒಬ್ಬನ, ಬಸವಕಲ್ಯಾಣದಾಗ ಜೀವನಪೂರ್ತಿ ಟೇಲರ್ ಆಗಿದ್ದ ನಮ್ಮಪ್ಪ. ಅವನ್ನ ಒಂದ್ಸಲ ನಗಸಬೇಕಂತ ನಾ ಐದು ಸಿನಿಮಾ ಮಾಡೀನಿ.

೧. ಟಾಕೀಜಿನಾಗ

ಮೊದಲನೇ ಸಿನಿಮಾಕ್ಕ ಅಪ್ಪನ್ನ ಹುಮನಾಬಾದಿನ ಟಾಕೀಜಿಗೆ ಕರಕೊಂಡು ಹೋದೆ. ಮಂದಿ ಹೊಟ್ಟಿ ಹಿಡಕೊಂಡು ನಗಾಕತ್ತಿದ್ರು. ನಾ ಪರದೆ ನೋಡಲೇ ಇಲ್ಲ, ಅಪ್ಪನ ಮಾರಿ ನೋಡಕೋತ ಕುಂತಿದ್ದೆ. ಇಂಟರ್ವಲ್‌ನಾಗ ಕೇಳಿದೆ, "ಹ್ಯಾಂಗದಪ್ಪಾ?"

"ಹೀರೋನ ಅಂಗಿ ಎಡಗಡಿ ತೋಳು ಒಂದಿಂಚು ಗಿಡ್ಡ ಆಗ್ಯಾದ. ಯಾವಂವ ಹೊಲದಾನ?"

ಇಂಟರ್ವಲ್ ಆದಮ್ಯಾಲ ನನಗೂ ಆ ತೋಳೊಂದ ಕಾಣಾಕತ್ತಿತು.

೨. ಮದಿವಿ ಊಟದಾಗ

ಘಾಟಬೋರಾಳದಾಗ ಒಂದು ಮದಿವಿ. ಊಟಕ್ಕ ಕುಂತಾಗ ನನಗ ಶಾಲು ಹೊಚ್ಚಿ ಮೈಕ್ ಕೊಟ್ರು. "ಸಾಹೇಬ್ರ, ಏನರೆ ಹೇಳಿ ನಗಸ್ರಿ." ನನ್ನ ಕಡಿ ಇದ್ದ ಛಲೋ ಜೋಕು ಹೇಳಿದೆ. ಒಬ್ರೂ ನಗಲಿಲ್ಲ. ಒಬ್ಬ ಮುದುಕ ಬಾಜೂದವಗ ಅಂದ, "ಪಾಪ, ಸಿನಿಮಾದಾಗ ಬ್ಯಾರೇದವ್ರು ಬರದು ಕೊಡತಾರ ಕಾಣಸ್ತದ."

ಅಷ್ಟರಾಗ ಅಪ್ಪ ಎಲಿ ಮುಂದಿಂದ ಒದರಿದ, "ಏ ಕುಂದ್ರೋ, ಸಾರು ಆರಾಕತ್ತದ!"

ಇಡೀ ಮಂಟಪ ನಕ್ಕಿತು. ಅಪ್ಪ ಮಾತ್ರ ಸಾರು ಸುರಕೋತ ಕುಂತಿದ್ದ.

೩. ಸಾವಿನ ಸೀನು

ಐದನೇ ಸಿನಿಮಾದಾಗ ಒಂದು ಸಾವಿನ ಸೀನು. ನಮ್ಮ ಮನಿ ಮುಂದನ ಶೂಟಿಂಗ್ ಇಟ್ಟೆ. ಸತ್ತಾಂವನ ಪಾತ್ರದವಗ ಅಪ್ಪನ ಧೋತರ, ಟೊಪಗಿ, ಕಣ್ಣಿಗೆ ಚಾಳೀಸು ಹಾಕಿಸಿ, ನಮ್ಮ ಕಡಿ ಹೆಣ ಕುಂದ್ರಸೂವಂಗ ಕುರ್ಚಿಯಾಗ ಕುಂದ್ರಿಸಿ, ಹಾರ ಹಾಕಿದೆ. ಮಂದಿ ಕ್ಯಾಮೆರಾ ನೋಡಬಾರದಂತ ಅದನ್ನ ಮಾಳಗಿ ಮ್ಯಾಲ ಮುಚ್ಚಿಟ್ಟೆ. ಭಾಳ ಶಾಣ್ಯಾ ನಾ! ಹುಲಸೂರ ಬಸ್ಸಿನಾಗ ಹೊಂಟವ್ರು ಹೆಣ ನೋಡಿದ್ರು, ಭಜನಿ ಕೇಳಿದ್ರು, ಕ್ಯಾಮೆರಾ ನೋಡಲಿಲ್ಲ.

ಮಧ್ಯಾಹ್ನ ಪ್ಯಾಕಪ್ ಆಗಿ ಎಲ್ಲಾರೂ ಸಾಮಾನು ಕಟಗೊಂಡು ಹುಮನಾಬಾದಿಗೆ ಹೋದ್ರು. ಆಮ್ಯಾಲ ಹುಲಸೂರಿಂದ ನಮ್ಮ ಸೋದರತ್ತಿ ಬಂದಳು, ತಲಿ ಮ್ಯಾಲ ರೊಟ್ಟಿ ಬುಟ್ಟಿ. ಸತ್ತ ಮನ್ಯಾಗ ಒಲಿ ಹಚ್ಚಂಗಿಲ್ಲ, ಬಳಗದವ್ರ ಊಟ ತರೂದು ನಮ್ಮ ಕಡಿ ಪದ್ಧತಿ. ಸೀರಿ ಮ್ಯಾಲಿನ ಜಂಪರ್ ಬಿಗಿ ಹೊಲದಾನಂತ ಎಂಟು ವರ್ಷದಿಂದ ಆಕಿ ಅಪ್ಪನ ಕೂಡ ಮಾತು ಬಿಟ್ಟಿದ್ದಳು.

ಅಂಗಳದಾಗ ಕುಂತು ಎದಿ ಬಡಕೊಂಡಳು. "ಅಯ್ಯೋ ನನ್ನಣ್ಣಾ! ಮಾತಾಡದ ಹೋದೆಲ್ಲೋ! ಜಂಪರ್ ಬರೋಬರಿನ ಇತ್ತೋ, ನಾನ ದಪ್ಪ ಆಗಿದ್ನೋ!"

ಒಳಗ ಮಲಗಿದ್ದ ಅಪ್ಪ ಬಾಗಲಕ್ಕ ಬಂದು ನಿಂತ. "ಆ ಮಾತು ಇನ್ನೊಮ್ಮಿ ಹೇಳ."

ಅತ್ತಿ ಚಿಟ್ಟನೆ ಚೀರಿದಳು. ಅಪ್ಪ ನಕ್ಕ. ಚೌಕಟ್ಟು ಹಿಡಕೊಂಡು, ಕಣ್ಣಾಗ ನೀರು ಬರೂತನಕ ನಕ್ಕ. ಅತ್ತಿ ಅಳಕೋತ, ನಗಕೋತ ಅವನ ಬೆನ್ನಿಗೆ ಗುದ್ದಾಕತ್ತಳು. ನನಗ ಆ ಖುಷಿ ಹ್ಯಾಂಗ ಹೇಳಲಿ! "ಕ್ಯಾಮೆರಾ! ಕ್ಯಾಮೆರಾ ತರ್ರಿ!" ಅಂತ ಒದರಿದೆ. ತರಾಕ ಯಾರೂ ಇರಲಿಲ್ಲ.

ಅಪ್ಪ ಕಣ್ಣು ಒರಸಕೊಂಡು ರೊಟ್ಟಿ ಮುರದ, ನನ್ನ ಕಡಿ ನೋಡಿದ.

"ನೋಡಪಾ, ಕಾಮಿಡಿ ಅಂದ್ರ ಹಿಂಗಿರಬೇಕು. ನಿಮ್ಮತ್ತಿ ಕಡಿ ಸ್ವಲ್ಪ ಕಲಕೋ."