ಮಾವನ ಐದನೇ ಗ್ರೇಡು

ನಮ್ಮ ಮಾವ ಪರೀಕ್ಷೆ ಪಾಸು ಮಾಡುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ಅತ್ತೆ. ಎರಡನೆಯವರು ಸ್ವತಃ ಮಾವ. ಮೂರನೆಯವನು ನಾನು. ನಾನು ಪದವೀಧರನಾದ್ದರಿಂದ ಸುಮ್ಮನೆ ಹೇಳಲಿಲ್ಲ, ಕಾರಣಗಳನ್ನೂ ಕೊಟ್ಟೆ.

ಪದವಿಯ ಮಾತನ್ನು ಇಷ್ಟು ಬೇಗ ತಂದದ್ದಕ್ಕೆ ಕ್ಷಮಿಸಿ. ನನ್ನನ್ನು ಬಲ್ಲವರು ‘ಈ ಸಲ ತಡವಾಯಿತಲ್ಲ’ ಎನ್ನುತ್ತಾರೆ. ಅಪ್ಪನ ಕಡೆ, ಅಮ್ಮನ ಕಡೆ ಎಲ್ಲಿ ಹುಡುಕಿದರೂ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಬಿಕಾಂ. ಅಕೌಂಟೆನ್ಸಿ ಪೇಪರನ್ನು ನಾಲ್ಕು ಸಲ ಬರೆದು ಸಂಪಾದಿಸಿದ್ದು. ಬೇರೆಯವರು ಒಮ್ಮೆ ಓದಿದ್ದನ್ನು ನಾನು ನಾಲ್ಕು ಸಲ ಓದಿದ್ದೇನೆ, ಆದ್ದರಿಂದ ನನ್ನ ಡಿಗ್ರಿ ಅವರದಕ್ಕಿಂತ ಗಟ್ಟಿ ಎಂಬುದು ನನ್ನ ವಾದ. ಅದಕ್ಕೆ ಕಟ್ಟು ಹಾಕಿಸಿ ಬಾಗಿಲಿಗೆ ಎದುರಾಗಿ ತೂಗುಹಾಕಿದ್ದೇನೆ. ಕೊರಿಯರ್ ತಂದವರೂ ಒಮ್ಮೆ ನೋಡಿಯೇ ಹೋಗಬೇಕು. ಮಾವ ಮಾತ್ರ ಅದನ್ನು ನೋಡಿ ಹೇಳಿದ್ದು ಒಂದೇ ಮಾತು: “ಗೋಡೆ ತೇವ ಮುಚ್ಚೋಕೆ ಒಳ್ಳೇದಾಯ್ತು ಕಣೋ, ಬೀಕಾಂ.”

ಈ ಮಾವ ನಮ್ಮ ಅಮ್ಮನ ತಮ್ಮ. ಕುಂಬಾರಕೊಪ್ಪಲಿನಲ್ಲಿ ಮನೆ, ಕಡಕೊಳದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕೆಲಸ, ಉಳಿದ ಹೊತ್ತೆಲ್ಲ ಗಿಟಾರು. ಕರೆಂಟಿಗೆ ಸಿಕ್ಕಿಸುವ ಗಿಟಾರಲ್ಲ. ಮರದ ಹೊಟ್ಟೆಯದು, ಮಾವ ‘ಡಬ್ಬಾ’ ಎಂದು ಕರೆಯುವಂಥದು. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲೆಲ್ಲ ಅವರು ನುಡಿಸಿದ್ದಾರೆ. ನಿರೂಪಕರು ಕಲಾವಿದರನ್ನು ಪರಿಚಯಿಸುವಾಗ “ಕೀಬೋರ್ಡಿನಲ್ಲಿ ಶ್ರೀ ಇಂಥವರು, ತಬಲಾದಲ್ಲಿ ಶ್ರೀ ಇಂಥವರು, ಮತ್ತು ಗಿಟಾರ್” ಎನ್ನುತ್ತಿದ್ದರು. ಅಷ್ಟೇ. ಗಿಟಾರು ತಾನೇ ನಡೆದುಕೊಂಡು ಬಂದು ವೇದಿಕೆಯ ಮೇಲೆ ಕೂತಿದೆ ಎಂಬಂತೆ! ನನಗೆ ಸಿಟ್ಟು ಬರುತ್ತಿತ್ತು. ಮಾವನಿಗೆ ಬರುತ್ತಿರಲಿಲ್ಲ. “ಎಸ್ರು ಏಳುದ್ರೆ ತಪ್ಪು ಬಾರಿಸ್ದೋರು ಯಾರು ಅಂತ ಗೊತ್ತಾಗ್ಬುಡ್ತದೆ ಕಣೋ” ಎನ್ನುತ್ತಿದ್ದರು.

ಆದರೆ ಒಂದು ಮಾತು ಹೇಳುತ್ತೇನೆ, ಬೇಕಾದರೆ ಪರೀಕ್ಷಿಸಿ ನೋಡಿ. ಮೈಸೂರಿನಲ್ಲಿ ಗಿಟಾರ್ ನುಡಿಸುವ, ನಲವತ್ತರ ಆಚೀಚಿನ ಯಾರನ್ನಾದರೂ ಹಿಡಿಯಿರಿ. ಶ್ರುತಿ ಮಾಡುವ ಮುಂಚೆ ಅವರು ಕಣ್ಣು ಮುಚ್ಚಿ, ಬಾಯಿ ಮುಚ್ಚಿ ‘ಗೂಂ…’ ಎಂದು ಗುನುಗಿದರೆ ಅವರು ನಮ್ಮ ಮಾವನ ಶಿಷ್ಯರು. ಇಲ್ಲವೇ ಶಿಷ್ಯರ ಶಿಷ್ಯರು.

ಈ ಗೂಂಕಾರದ ಮೂಲ ಮಾವನ ಮನೆಗೆ ಅಂಟಿಕೊಂಡಿದ್ದ ಹಿಟ್ಟಿನ ಮಿಲ್ಲು. ಮಾವನ ಬಳಿ ಶ್ರುತಿಪೆಟ್ಟಿಗೆ ಇರಲಿಲ್ಲ. ಮಿಲ್ಲಿನ ಮೋಟಾರು ಶುರುವಾದಾಗ ಏಳುವ ನಾದಕ್ಕೆ ಮೂರನೇ ತಂತಿಯನ್ನು ಕೂಡಿಸಿ, ಉಳಿದ ಐದನ್ನು ಅದಕ್ಕೆ ಹೊಂದಿಸುತ್ತಿದ್ದರು. ಶಿಷ್ಯರಿಗೂ ಅದೇ ಪಾಠ. ಶಿಷ್ಯರೆಂದರೆ ಯಾರು? ಅಮ್ಮಂದಿರು ರಾಗಿ ಮಿಲ್ ಮಾಡಿಸಿಕೊಂಡು ಬಾ ಎಂದು ಕಳಿಸಿದ ಹುಡುಗರು. ಸರತಿ ಬರುವವರೆಗೆ ಪಕ್ಕದ ಜಗಲಿಯಲ್ಲಿ ಕೂತು, ಮಾವನನ್ನು ‘ಅಣ್ಣಾ, ಅಣ್ಣಾ’ ಎಂದು ಪೀಡಿಸಿ ಕಲಿತವರು. ನಮ್ಮೂರಿನ ಒಂದು ತಲೆಮಾರಿನ ಗಿಟಾರ್ ಪರಂಪರೆ ಹುಟ್ಟಿದ್ದು ಹೀಗೆ, ಹಿಟ್ಟಿನ ಜೊತೆ. ಕರೆಂಟು ಹೋದರೆ ಪಾಠವಿಲ್ಲ. ಮಿಲ್ಲಿನವರ ಮನೆಯಲ್ಲಿ ಸೂತಕ ಬಂದಾಗ ಸಂಗೀತಕ್ಕೂ ಹನ್ನೊಂದು ದಿನ ರಜೆ.

ಮಿಲ್ಲಿನಿಂದ ದೂರ ಹೋದಾಗ ಮಾವ ಆ ಸದ್ದನ್ನು ನೆನಪಿನಿಂದ ಗುನುಗಿ ಶ್ರುತಿ ಮಾಡುತ್ತಿದ್ದರು. ಶಿಷ್ಯರೂ ಹಾಗೇ ಮಾಡಿದರು. ಆ ಶ್ರುತಿ ಲೋಕದ ಶ್ರುತಿಗಿಂತ ಒಂದು ಕೂದಲೆಳೆ ಮೇಲು. ಕೀಬೋರ್ಡಿನವರು ಹಣೆ ಚಚ್ಚಿಕೊಂಡು “ಕೊಪ್ಪಲಿಂದ ಬಂದ್ರೇನ್ರೀ?” ಎಂದು ಕೇಳುತ್ತಿದ್ದರು. ಮಾವನ ಪ್ರಕಾರ ತಪ್ಪು ಕೀಬೋರ್ಡಿನದು. ಅದು ರಾಗಿಯನ್ನೇ ನೋಡಿಲ್ಲ.

ನಾನೂ ಅವರ ಬಳಿ ಎರಡು ವರ್ಷ ಕಲಿತೆ. ಕಲಿತೆ ಎಂದರೆ ಎರಡು ವರ್ಷ ಹೋದೆ. ಬೇರೆಯವರು ತಂತಿ ಒತ್ತಿದರೆ ನಾದ ಬರುತ್ತಿತ್ತು, ನಾನು ಒತ್ತಿದರೆ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಒಂದು ಸಂಜೆ ಮಾವ ನನ್ನ ತೊಡೆಯ ಮೇಲಿಂದ ಗಿಟಾರನ್ನು ಮೆಲ್ಲಗೆ ಎತ್ತಿಕೊಂಡರು.

“ಓಗಿ ಓದ್ಕೊ ಓಗು ಕಣೋ. ಇದು ನಿನ್ ಕೈಲಿ ಆಗಲ್ಲ.”

“ಓದೋದು ಆಯ್ತದಾ ಮಾವ?”

“ಅದೂ ಆಗಲ್ಲ. ಆದ್ರೆ ಅದ್ರಲ್ಲಿ ಸದ್ ಬರಲ್ಲ.”

ಹೀಗೆ ನಾನು ವಿದ್ಯಾವಂತನಾದೆ. ಡಿಗ್ರಿ ಬಂದ ದಿನ ನನಗೊಂದು ಆಸೆ ಹುಟ್ಟಿತು: ಮಾವ ಅವತ್ತು ನನ್ನನ್ನು ಎಬ್ಬಿಸಿ ಕಳಿಸಿದ್ದು ನಾನು ಓದಿ ಮುಂದೆ ಬರಲಿ ಎಂಬ ದೂರದೃಷ್ಟಿಯಿಂದಲೇ ಇರಬೇಕು! ಸಿಹಿ ಹಂಚುತ್ತಾ, ಕಣ್ಣು ತುಂಬಿಕೊಂಡು ಕೇಳಿಯೂಬಿಟ್ಟೆ. ಮಾವ ಮೈಸೂರುಪಾಕು ಅಗಿಯುತ್ತಾ ಪ್ರಾಮಾಣಿಕವಾಗಿ ಯೋಚಿಸಿದರು. “ಇಲ್ಲ ಕಣೋ. ನಿಜ್ವಾಗ್ಲೂ ಬೋ ಕೆಟ್ಟದಾಗಿ ಬಾರಿಸ್ತಿದ್ದೆ.”

ಹೋದ ವರ್ಷ ಮಾವ ನಿವೃತ್ತರಾದರು. ಮಿಲ್ಲು ಅದಕ್ಕೂ ಮೊದಲೇ ಮುಚ್ಚಿ ಮೊಬೈಲ್ ಅಂಗಡಿಯಾಗಿತ್ತು. ಈಗಿನ ಮಕ್ಕಳು ಗಿಟಾರನ್ನು ಫೋನ್ ನೋಡಿಕೊಂಡು ಕಲಿಯುತ್ತಾರೆ. ಮಾವ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಶರಟು ಹಾಕಿ, ಗಿಟಾರ್ ಹಿಡಿದು ಜಗಲಿಯಲ್ಲಿ ಕೂರುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ಮಧ್ಯಾಹ್ನ ಎದ್ದು ಒಳಗೆ ಹೋಗುತ್ತಿದ್ದರು.

ಅತ್ತೆ ನನಗೆ ಫೋನ್ ಮಾಡಿದರು. “ನಿಮ್ ಮಾವ ಮಾತಾಡೋದೇ ಬುಟ್ಬುಟ್ಟವ್ರೆ ಕಣಪ್ಪ. ಸಾರಿಗೆ ಉಪ್ಪಿಲ್ಲ ಅಂತ್ಲೂ ಅನ್ನಲ್ಲ. ಉಪ್ಪೇ ಹಾಕ್ದೆ ನೋಡ್ದೆ, ಸುಮ್ನೆ ತಿಂದು ಎದ್ದೋದ್ರು. ನಂಗ್ಯಾಕೋ ಭಯ ಆಯ್ತದೆ.”

ಅದೇ ವಾರ ಅಶೋಕಪುರಂನ ಒಂದು ಶಾಲೆಗೆ ಗಿಟಾರ್ ಕಲಿಸುವವರು ಬೇಕೆಂದು ತಿಳಿಯಿತು. ಮಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ಅವರು ನುಡಿಸಿದರು. ಹತ್ತು ನಿಮಿಷದಲ್ಲಿ ಕಿಟಕಿಯ ತುಂಬ ಮಕ್ಕಳ ತಲೆ. ಮುಖ್ಯೋಪಾಧ್ಯಾಯಿನಿ ಮಕ್ಕಳನ್ನು ಗದರುವುದನ್ನೂ ಮರೆತು ಕೇಳಿದರು. ಆಮೇಲೆ “ನಮಗೆ ನೀವೇ ಬೇಕು ಸರ್. ನಿಮ್ಮ ಸರ್ಟಿಫಿಕೇಟ್ ಕೊಡಿ” ಎಂದರು.

ಮಾವ ನನ್ನ ಕಡೆ ನೋಡಿದರು, ನನ್ನ ಬಿಕಾಂನದು ನಡೆಯುತ್ತದೆಯೇ ಎಂಬಂತೆ.

ನಡೆಯುವುದಿಲ್ಲವಂತೆ. ಯಾವುದಾದರೂ ಸಂಗೀತ ಸಂಸ್ಥೆಯ ಐದನೇ ಗ್ರೇಡಿನ ಪರೀಕ್ಷೆಯಾದರೂ ಪಾಸಾಗಿರಬೇಕು, ಅದು ಆಡಳಿತ ಮಂಡಳಿಯ ನಿಯಮ. ಮುಂದಿನ ವರ್ಷದ ಶಾಲೆ ಶುರುವಾಗುವುದರೊಳಗೆ ತಂದರೆ ಕೆಲಸ ಮಾವನದೇ. ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ. ಮುಖ್ಯೋಪಾಧ್ಯಾಯಿನಿಗೂ ಬೇಜಾರಿತ್ತು. ವಾಪಸು ಬರುವಾಗ ಮಾವ ನನ್ನ ಬೆನ್ನಿಗೆ ಹೇಳಿದರು: “ಆ ಮಕ್ಳು ಎಂಗ್ ನೋಡ್ತಿದ್ವು, ಅಲ್ವೇನೋ.” ವಾರಗಟ್ಟಲೆ ಆದಮೇಲೆ ಅವರು ತಾವಾಗಿ ಆಡಿದ ಮೊದಲ ಮಾತು ಅದು.

ಮೂವರೂ ಆಗದ ಮಾತು ಎಂದದ್ದು ಆವತ್ತು ಸಂಜೆ. ಮಾವ ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆಯಲ್ಲಿ ಅರ್ಧ ಗಂಟೆಗೇ ಎದ್ದು ಬಂದವರು. ಆಮೇಲೆ ಯಾವ ಪರೀಕ್ಷೆಗೂ ಕೂತಿಲ್ಲ. ಹಾಗಿದ್ದರೂ ನಾನು ಅರ್ಜಿ ತಂದೆ. ಪರೀಕ್ಷೆಯಲ್ಲಿ ಫೇಲಾಗುವುದು ಹೇಗೆ ಎಂಬುದು ನಮ್ಮ ವಂಶದಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅರ್ಜಿಯನ್ನು ಮಕ್ಕಳಿಗೆಂದೇ ಮಾಡಿದ್ದರು. ‘ಪೋಷಕರ ಸಹಿ’ ಎಂಬ ಜಾಗವಿತ್ತು. ಖಾಲಿ ಬಿಡಬಹುದಿತ್ತೇನೋ. ಆದರೆ ಅರ್ಜಿಯಲ್ಲಿ ಖಾಲಿ ಜಾಗ ಬಿಡುವವನು ಪದವೀಧರನೇ ಅಲ್ಲ ಎಂದು ನಂಬಿದವನು ನಾನು. ಏನು ಮಾಡುವುದು ಎಂದು ಪೆನ್ನು ಕಚ್ಚುತ್ತಾ ಕೂತಿದ್ದಾಗ ಅತ್ತೆ ಸೆರಗಿಗೆ ಕೈ ಒರೆಸುತ್ತಾ ಬಂದರು. “ಕೊಡು ಇಲ್ಲಿ. ಇಷ್ಟ್ ವರ್ಷದಿಂದ ಪೋಷಣೆ ಮಾಡ್ತಿರೋಳು ನಾನೇ ತಾನೇ.” ಸಹಿ ಹಾಕಿಯೇಬಿಟ್ಟರು.

ಆಮೇಲೆ ನಾನು ಮಾವನಿಗೆ ಪಾಠ ಹೇಳಿದೆ. ನಗಬೇಡಿ. ನುಡಿಸುವ ಪಾಠವಲ್ಲ, ಸ್ವರವನ್ನು ಕಾಗದದ ಮೇಲೆ ಓದುವ ಪಾಠ. ನನಗೂ ಗೊತ್ತಿರಲಿಲ್ಲ. ಹಿಂದಿನ ದಿನ ಪುಸ್ತಕದಲ್ಲಿ ಓದಿ ಮಾರನೇ ದಿನ ಹೇಳಿಕೊಡುತ್ತಿದ್ದೆ, ನಮ್ಮ ಕಾಲೇಜಿನಲ್ಲಿ ಕೆಲವರು ಮಾಡುತ್ತಿದ್ದ ಹಾಗೆ.

“ಇಲ್ಲಿ ಐದ್ ಗೆರೆ ಯಾಕವೆ?” ಮಾವ ಕೇಳಿದರು.

“ಸ್ವರ ಬರೆಯೋದೇ ಐದು ಗೆರೆ ಮೇಲೆ ಮಾವ.”

“ಗಿಟಾರಿಗೆ ಆರ್ ತಂತಿ. ಇನ್ನೊಂದು ಎಲ್ಲೋಯ್ತು?”

“ಸಿಲಬಸ್‌ನಲ್ಲಿ ಇಲ್ಲ” ಎಂದೆ. ಇನ್ನೊಂದು ದಿನ ಎಡಗೈ ಹೆಬ್ಬೆರಳು ಗಿಟಾರಿನ ಕತ್ತಿನ ಹಿಂದೆಯೇ ಇರಬೇಕು, ಮೇಲೆ ಬಂದು ತಂತಿ ಮುಟ್ಟಬಾರದು ಎಂದು ಪುಸ್ತಕದಿಂದ ಓದಿದೆ. ಮಾವ ತಮ್ಮ ಹೆಬ್ಬೆರಳನ್ನು ನೋಡಿದರು. ನಲವತ್ತು ವರ್ಷದಿಂದ ಅದು ಮೇಲೆ ಬಂದು ಆರನೇ ತಂತಿಯನ್ನು ಒತ್ತುತ್ತಾ ಇತ್ತು. “ಈಗ ಇದುಕ್ಕೆ ಯಾರ್ ಏಳೋದು?” ಎಂದರು.

ಪರೀಕ್ಷೆಯ ದಿನ ಅತ್ತೆ ಮೊಸರಿಗೆ ಸಕ್ಕರೆ ಹಾಕಿ ತಿನ್ನಿಸಿದರು. ಕೇಂದ್ರದ ತುಂಬ ಹನ್ನೆರಡು ಹದಿಮೂರು ವರ್ಷದ ಮಕ್ಕಳು. ಬಾಗಿಲಲ್ಲಿದ್ದವರು “ಪೇರೆಂಟ್ಸ್ ಆ ಕಡೆ ಬೆಂಚಿಗೆ ಹೋಗಿ” ಎಂದರು. ಮಾವ ಅಲ್ಲಿಗೇ ಹೋಗಿ ಕೂತುಬಿಟ್ಟರು. ಬೆವರುತ್ತಿದ್ದರು. “ಓಗ್ಬುಡವ ನಡಿ ಬೀಕಾಂ” ಎಂದು ನನ್ನ ಕೈ ಹಿಡಿದರು. ಎಸ್ಸೆಸ್ಸೆಲ್ಸಿಯ ಆ ಅರ್ಧ ಗಂಟೆ ಮತ್ತೆ ಬಂದಿದೆ ಎಂದು ನನಗೆ ಗೊತ್ತಾಯಿತು. ಧೈರ್ಯ ತುಂಬಲು ನನ್ನದೇ ಕಥೆ ಹೇಳಿದೆ: ನಾಲ್ಕು ಸಲ ಅಕೌಂಟೆನ್ಸಿ, ನಾಲ್ಕು ಸಲವೂ ಇದೇ ಬೆವರು. ಮಾವ ಕೇಳಿಸಿಕೊಂಡು, “ನಾಕ್ ಸಲನಾ? ಮೂರು ಅಂದಿದ್ದೆ” ಎಂದರು. ಸ್ವಲ್ಪ ನಕ್ಕರು. ಎದ್ದು ಒಳಗೆ ಹೋದರು. ನನ್ನ ಅಕೌಂಟೆನ್ಸಿ ಜೀವನದಲ್ಲಿ ಮೊದಲ ಬಾರಿಗೆ ಯಾರಿಗೋ ಉಪಯೋಗವಾಯಿತು.

ಕೊಠಡಿಯ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ನಾನು ಬೆಂಚನ್ನು ಅತ್ತ ಸರಿಸಿಕೊಂಡೆ. ಪರೀಕ್ಷಕಿ ಮೂವತ್ತರ ಹೆಣ್ಣುಮಗಳು, ಬೆಂಗಳೂರಿನಿಂದ ಬಂದವರು. “ಶ್ರುತಿ ಮಾಡ್ಕೊಳಿ ಸರ್” ಎಂದರು. ಒಳಗಿಂದ ‘ಗೂಂ…’ ಎಂದು ಕೇಳಿಸಿತು.

“ಸರ್, ಈಗ ನೀವು ಮಾಡಿದ್ದು…”

“ಶ್ರುತಿ ಕಣಮ್ಮ. ಅಭ್ಯಾಸ.”

“ನಮ್ಮ ಗುರುಗಳೂ ಹೀಗೇ ಮಾಡ್ತಾರೆ. ಅದು ನಾಭಿಯಿಂದ ಏಳೋ ನಾದ ಅಂತ ಹೇಳ್ಕೊಟ್ಟಿದ್ದಾರೆ. ನಾನು ದಿನಾ ಬೆಳಿಗ್ಗೆ ಹತ್ತು ನಿಮಿಷ ಮಾಡ್ತೀನಿ. ನನ್ನ ಸ್ಟೂಡೆಂಟ್ಸ್ ಕೈಲೂ ಮಾಡಿಸ್ತೀನಿ.”

“ಯಾರಮ್ಮ ನಿಮ್ ಗುರುಗಳು?”

ಅವರು ಒಂದು ಹೆಸರು ಹೇಳಿದರು. ದೊಡ್ಡ ಹೆಸರು, ನನಗೂ ಗೊತ್ತು.

“ಓ, ಅವ್ನಾ” ಮಾವನ ದನಿ ಅರಳಿತು. “ಕಲಿತಾ ಕಲಿತಾ ಹಿಟ್ಟಿನ ಡಬ್ಬಾನೇ ಮರ್ತು ಮನೆಗೆ ಓಗ್ಬುಡೋನು. ನಾನ್ ಹೊತ್ಕೊಂಡ್ ಓಗಿ ಕೊಡ್ತಿದ್ದೆ. ಅದು ನಾಭಿ ಅಲ್ಲ ಕಣಮ್ಮ. ನಮ್ಮನೆ ಪಕ್ಕದ ರಾಗಿ ಮಿಲ್ಲು.”

ಹತ್ತು ನಿಮಿಷ ದಿನಾ ರಾಗಿ ಮಿಲ್ಲಾಗಿದ್ದ ಹೆಣ್ಣುಮಗಳ ಸ್ಥಿತಿಯನ್ನು ನೀವೇ ಊಹಿಸಿ. ಕೊನೆಗೆ ಅವರು ಕುರ್ಚಿ ಹಿಂದೆ ಸರಿಸಿ ಎದ್ದು ನಿಂತದ್ದು ಬಾಗಿಲ ಸಂದಿಯಿಂದ ಕಂಡಿತು. “ನಿಮ್ಮನ್ನ ನಾನು ಹೇಗೆ ಪರೀಕ್ಷೆ ಮಾಡ್ಲಿ ಸರ್?”

“ಮಾಡಮ್ಮ” ಮಾವ ಹೇಳಿದರು. “ಕೂತ್ಕೊ. ಎಲ್ರಿಗೂ ಕೇಳ್ದಂಗೇ ಕೇಳು. ನಂಬರ್ ಕಮ್ಮಿ ಬಂದ್ರೂ ಚಿಂತೆ ಇಲ್ಲ. ಅಲ್ಲೊಂದ್ ಶಾಲೇಲಿ ಮಕ್ಳು ಕಾಯ್ತಾವೆ.”

ಆಕೆ ಕೂತರು. ಎಲ್ಲರಿಗೂ ಕೇಳಿದ ಹಾಗೆಯೇ ಕೇಳಿದರು.

ಶಾಲೆ ಶುರುವಾಗಲು ಒಂಬತ್ತು ದಿನ ಇರುವಾಗ ಸಂಸ್ಥೆಯಿಂದ ಕರೆ ಬಂತು. ನಾನೇ ಹೋಗಿ ತಂದೆ. ಮಾವ ಪಾಸು. ನುಡಿಸಿದ್ದಕ್ಕೆ ಹೆಚ್ಚುಕಮ್ಮಿ ಪೂರ್ತಿ ಅಂಕ, ಸ್ವರ ಕೇಳಿ ಗುರುತಿಸುವ ಕಿವಿಯ ಪರೀಕ್ಷೆಗೆ ಪೂರ್ತಿಗೆ ಪೂರ್ತಿ. ಸ್ವರ ಓದುವುದಕ್ಕೆ, ಅಂದರೆ ನಾನು ಕಲಿಸಿದ ಭಾಗಕ್ಕೆ, ಇಪ್ಪತ್ತಕ್ಕೆ ಎರಡು. ಅಂಕಪಟ್ಟಿಯ ಕೆಳಗೆ ಪರೀಕ್ಷಕಿ ಬರೆದಿದ್ದರು: ‘ಹೆಬ್ಬೆರಳು ತಂತಿಯ ಮೇಲೆ ಬರುತ್ತದೆ, ತಿದ್ದಿಕೊಳ್ಳಬೇಕು.’ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ‘ನನ್ನದೂ ಬರುತ್ತದೆ.’ ಸರ್ಟಿಫಿಕೇಟು ಅಳತೆಯಲ್ಲಿ ನನ್ನ ಬಿಕಾಂಗಿಂತ ದೊಡ್ಡದಾಗಿತ್ತು. ದಾರಿಯುದ್ದಕ್ಕೂ ಆ ವಿಷಯ ನನ್ನನ್ನು ಸ್ವಲ್ಪ ಕಾಡಿತು.

ಮನೆ ತಲುಪಿದಾಗ ಮಧ್ಯಾಹ್ನ. ಮಾವ ಜಗಲಿಯಲ್ಲಿದ್ದರು. ಕೈಗೆ ಕೊಟ್ಟೆ. ಹೆಸರು ಓದಿದರು, ಬೇರೆ ಯಾರದೋ ಇರಬಹುದು ಎಂಬಂತೆ ಇನಿಷಿಯಲ್ಲನ್ನೂ ಓದಿದರು. ಒಳಗೆ ಹೋಗಿ ಅತ್ತೆಯ ಕೈಗೆ ಕೊಟ್ಟರು. ಅತ್ತೆ ಅದನ್ನು ಅಂಚಿನಲ್ಲಷ್ಟೇ ಹಿಡಿದು, ಕಿಟಕಿಯ ಬೆಳಕಿಗೆ ಒಡ್ಡಿ, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾ ನಿಂತರು. ಶಿಕ್ಷಣದ ಮಹತ್ವದ ಬಗ್ಗೆ ನಾಲ್ಕು ಮಾತಾಡಲು ಇದೇ ಸಮಯವೆಂದು ನಾನು ಗಂಟಲು ಸರಿಮಾಡಿಕೊಂಡೆ. ಇಬ್ಬರೂ ನನ್ನ ಕಡೆ ನೋಡಲಿಲ್ಲ.

ಅತ್ತೆ ಓದಿ ಮುಗಿಸಿದರು. ಅದನ್ನು ಎತ್ತರದ ಅಲಮಾರಿನ ಮೇಲೆ, ನೀರು ತಾಗದ ಕಡೆ ಇಟ್ಟರು. ಮದುವೆಯಾದಾಗಿನಿಂದ ಅವರು ಮಾವನನ್ನು ‘ರೀ’ ಎಂದಲ್ಲದೆ ಬೇರೆ ಯಾವ ರೀತಿಯೂ ಕರೆದದ್ದನ್ನು ನಾನು ಕೇಳಿಲ್ಲ. ಈಗ ಬೆನ್ನು ತಿರುಗಿಸಿ, ಒಲೆಯ ಕಡೆ ಮುಖ ಮಾಡಿಕೊಂಡು, ತಟ್ಟೆ ಇಡುತ್ತಾ ಹೇಳಿದರು:

“ಕೈ ತೊಳ್ಕೊಂಡ್ ಬನ್ನಿ ಮೇಷ್ಟ್ರೇ. ಮುದ್ದೆ ಆರೋಯ್ತದೆ.”