ದಿನಾ ಬರುವ ಅಮಾವಾಸ್ಯೆ

ಗೋವರ್ಧನ ಎರಡು ದಿನದ ಕಂಪ್ಯೂಟರ್ ತರಬೇತಿಗೆಂದು ಬ್ರಹ್ಮಾವರಕ್ಕೆ ಹೋಗಿ ಬಂದದ್ದೇ ಎಲ್ಲ ಫಜೀತಿಗೆ ಮೂಲ. ಹೋಗುವಾಗ ನಾವುಂದದ 'ಕಡಲಕುಡಿ ಮೀನುಗಾರರ ಸಂಘ'ದ ಸಾಧಾರಣ ಕಾರ್ಯದರ್ಶಿ. ಬರುವಾಗ ನೆಲ ಮುಟ್ಟದೆ ನಡೆಯುವ ಪಂಡಿತ. ಸಿಕ್ಕಿದ ಸರ್ಟಿಫಿಕೇಟನ್ನು ಮನೆಯಲ್ಲಿ ಮದುವೆಯ ಫೋಟೋಕ್ಕಿಂತ ಒಂದು ಗೇಣು ಮೇಲೆ ತೂಗುಹಾಕಿದ್ದ.

ಸಂಘದ ಸಭೆ ಅಮಾವಾಸ್ಯೆಗೆ. ಅಂದು ಸದಸ್ಯರು ಯಾರೂ ದೋಣಿ ಇಳಿಸುವುದಿಲ್ಲ. ಇಷ್ಟು ವರ್ಷ ಜವಾನ ಶೀನ ಮನೆಮನೆಗೆ ಹೋಗಿ ಹೇಳಿ ಬರುತ್ತಿದ್ದ.

"ಆ ಕಾಲ ಮುಗೀತ್," ಎಂದ ಗೋವರ್ಧನ ಸೋಮವಾರ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಕ್ಯಾಲೆಂಡರ್ ತೆರೆದು, ಅರವತ್ತು ಸದಸ್ಯರ ಹೆಸರು ತುಂಬಿಸಿದ. ಸಭೆ ಎಷ್ಟು ದಿನಕ್ಕೊಮ್ಮೆ ಎಂದು ಅದು ಕೇಳಿತು. ದಿನಾ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ. ಅಮಾವಾಸ್ಯೆಯ ಸುದ್ದಿಯೇ ಇಲ್ಲ. ತಿಂಗಳಿಗೊಮ್ಮೆ ಎಂದರೆ ಅದೇ ತಾರೀಖಿಗೆ ಹೋಗಿ ಕೂರುತ್ತದೆ; ಅಮಾವಾಸ್ಯೆ ತಾರೀಖು ನೋಡಿ ಬರುತ್ತದೆಯೇ?

"ಸರ್, ಪಂಚಾಂಗ ಕಂಡ್ಕಂಡ್ ಹನ್ನೆರಡ್ ಅಮಾಸಿನೂ ಒಂದೊಂದೇ ಹಾಕಿ. ಹತ್ ನಿಮ್ಷದ್ ಕೆಲ್ಸ," ಎಂದಳು ಗುಮಾಸ್ತೆ ಸ್ನೇಹಲತಾ.

"ಒಂದೊಂದೇ ಹಾಕುದಾರೆ ನಾನ್ ಟ್ರೈನಿಂಗಿಗ್ ಹೋದದ್ದ್ ಎಂತಕೆ?"

'ದಿನಾ' ಎಂದು ಒತ್ತಿ, ಬೇಡದ ದಿನಗಳನ್ನು ಆಮೇಲೆ ಅಳಿಸುವುದು ಅವನ ಉಪಾಯ. ಹನ್ನೆರಡು ಸಲ ಹಾಕಲು ಸೋಮಾರಿತನ, ಮುನ್ನೂರೈವತ್ತಮೂರು ಸಲ ಅಳಿಸಲು ಉತ್ಸಾಹ! ಒತ್ತಿಯೇಬಿಟ್ಟ. ಅರವತ್ತು ಫೋನುಗಳು ಒಟ್ಟಿಗೆ ಕೂಗಿದವು.

ಮೊದಲ ಕರೆ ಹಾಲಾಡಿ ಪೇಟೆಯಲ್ಲಿ ಮೀನು ಮಾರುತ್ತಿದ್ದ ಸದಸ್ಯೆ ಪದ್ದಕ್ಕನದು. "ಹ್ವಾಯ್ ಗೋವರ್ಧನ, ನಾಳೆ ಮೀಟಿಂಗ್ ಅಂಬ್ರ್, ನಾಡ್ದಿಗೂ ಮೀಟಿಂಗ್ ಅಂಬ್ರ್! ನನ್ ಮೀನ್ ಮಾರುದ್ ಯಾರ್, ನಿನ್ನಪ್ಪನಾ?"

ಗೋವರ್ಧನ ಗಡಬಡಿಸಿ ಅಳಿಸತೊಡಗಿದ. ಒಂದೊಂದು ದಿನ ಅಳಿಸಿದಾಗಲೂ 'ಸಭೆ ರದ್ದು' ಎಂಬ ಸಂದೇಶ ಅರವತ್ತು ಜನರಿಗೂ ಹೋಗುತ್ತದೆಂಬುದು ಮಧ್ಯಾಹ್ನದ ತನಕ ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ನಲವತ್ತೊಂದು ದಿನ ಅಳಿಸಿಯಾಗಿತ್ತು. ಬಲೆ ಎಳೆಯುತ್ತಿದ್ದ ಸದಸ್ಯ ರತನ್, ನಲವತ್ತೊಂದನೆಯ ಸಲ ಕೂಗಿದ ಫೋನನ್ನು ಕಿಸೆಯಿಂದ ತೆಗೆಯಲು ಹೋಗಿ ಕಡಲಿಗೆ ಬೀಳಿಸಿಕೊಂಡ. ಪಕ್ಕದವನ ಫೋನಿನಿಂದ ಅವನು ಬೈದ ಬೈಗುಳಕ್ಕೆ ಸ್ನೇಹಲತಾ ಕಿವಿ ಮುಚ್ಚಿಕೊಂಡಳು.

"ಸರ್, ಪೂರಾ ಒಂದೇ ಸಲ ಅಳ್ಸುಕಾತ್..."

"ನಂಗ್ ಕಲ್ಸುಕೆ ಬರ್ಬೇಡ!" ಎಂದ ಗೋವರ್ಧನ, 'ಯಾವ ಸಭೆಯೂ ಇಲ್ಲ, ಕ್ಷಮಿಸಿ' ಎಂದು ಅದೇ ಕ್ಯಾಲೆಂಡರಿನಲ್ಲಿ ಹೊಸದಾಗಿ ಬರೆದು ಕಳಿಸಿದ. ಕೈ ರೂಢಿಯಂತೆ ಮತ್ತೆ 'ದಿನಾ' ಒತ್ತಿತು. ಈಗ ಅರವತ್ತು ಜನರಿಗೆ ಇಡೀ ವರ್ಷ, ದಿನಕ್ಕೊಂದು ಕ್ಷಮೆ.

ಸಂಜೆ ನಾಲ್ಕಕ್ಕೆ ಸಂಘದ ಅಂಗಳ ತುಂಬಿತು. ಪದ್ದಕ್ಕ ಖಾಲಿ ಬುಟ್ಟಿ ಸಮೇತ ಬಂದಿದ್ದಳು, ರತನ್ ಒದ್ದೆ ಬಟ್ಟೆಯಲ್ಲೇ ಬಂದಿದ್ದ. ಗೋವರ್ಧನ ಬೈಗುಳ ತಿನ್ನುತ್ತಲೇ ರಾಜೀನಾಮೆ ಬರೆದು, ಆಗಷ್ಟೇ ಬಂದ ಅಧ್ಯಕ್ಷ ಅಶೋಕಣ್ಣನ ಕೈಗಿತ್ತ. ಮುಂಬೈಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿದ್ದ ಅಶೋಕಣ್ಣ ಅದನ್ನು ಓದಲೇ ಇಲ್ಲ. ತಲೆ ಎಣಿಸುತ್ತಿದ್ದ.

"ಅಯ್ಯೋ, ಅರವತ್ತೂ ಇತ್ತಲ್ದಾ! ಕೋರಂ ಆಯ್ತ್!"

ಸಭೆ ನಡೆಯಲು ಇಪ್ಪತ್ತು ಜನ ಬೇಕಿತ್ತು. ಎಂಟು ವರ್ಷಗಳಲ್ಲಿ ಒಮ್ಮೆಯೂ ಒಂಬತ್ತು ದಾಟಿರಲಿಲ್ಲ. ಅವರಲ್ಲೂ ನಾಲ್ವರು ಚಹಾಕ್ಕೆ ಬಂದವರು. ಅಶೋಕಣ್ಣ ಅಲ್ಲೇ ಸಭೆ ಶುರುಮಾಡಿದ. ಎಂಟು ವರ್ಷ ಕೊಳೆಯುತ್ತಿದ್ದ ದೋಣಿ ಶೆಡ್ಡಿನ ನಿರ್ಣಯ ಹತ್ತು ನಿಮಿಷದಲ್ಲಿ ಪಾಸಾಯಿತು. ಗೋವರ್ಧನನ ಎದೆ ಮತ್ತೆ ಉಬ್ಬಿತು. ಮೆಲ್ಲಗೆ ರಾಜೀನಾಮೆಗೆ ಕೈಚಾಚಿದ.

ಅಶೋಕಣ್ಣನೇ ಅದನ್ನು ಹರಿದು ಹಾಕಿದ. "ನಿನ್ನ ಬಿಡುಕಾತಿಲ್ಲ ಮಾರಾಯ. ಎಂಟ್ ವರ್ಷ ಕರ್ದ್ರೂ ಬಾರದ್ ಜನ, ಬೈಯುಕಂದ್ರೆ ಓಡಿ ಬಂದ್ರ್ ಕಾಣ್! ಬಪ್ಪ ಅಮಾಸಿಗೂ ಹೀಂಗೇ ಎಂತಾರೂ ಒಂದ್ ಎಡವಟ್ಟ್ ಮಾಡ್."

ಚಪ್ಪಾಳೆ ಬಿತ್ತು. ಅಲ್ಲೇ ಇನ್ನೊಂದು ನಿರ್ಣಯವೂ ಬಂತು: ಇನ್ನು ಮುಂದೆ ಪ್ರತಿ ಅಮಾವಾಸ್ಯೆಯ ಸಭೆಯಲ್ಲಿ ಮೊದಲ ವಿಷಯ, ಕಾರ್ಯದರ್ಶಿಗೆ ಬೈಯುವುದು. ಅರವತ್ತು ಕೈಗಳು ಮೇಲೆದ್ದವು. ನಿರ್ಣಯ ಪುಸ್ತಕದಲ್ಲಿ ಬರೆದುಕೊಳ್ಳಬೇಕಾದವನು ಕಾರ್ಯದರ್ಶಿಯೇ ಆದ್ದರಿಂದ, ಗೋವರ್ಧನ ಪೆನ್ನು ತೆಗೆದು ದುಂಡಗೆ ಬರೆದುಕೊಂಡ.